ಏಳುವ ಹೊತ್ತೇ ಗೂಟ: ಮನಸ್ಸಿನ ಏರಿಳಿತಕ್ಕೆ ದಿನಚರಿಯ ಚಿಕಿತ್ಸೆ

ರಾಯಚೂರಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಕ್ಯಾಲೆಂಡರ್ ಪಕ್ಕ ಒಂದು ಮೊಳೆ ಇದೆ. ಅದಕ್ಕೆ ದಾರ ಕಟ್ಟಿ ನೂರು ಪುಟದ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ. ದಿನಕ್ಕೆ ಐದೇ ಐದು ಟೈಮು ಅದರಲ್ಲಿ ಬರೆಯಬೇಕು. ಹಾಸಿಗೆ ಬಿಟ್ಟು ಎದ್ದದ್ದು. ಮೊದಲು ಒಬ್ಬರ ಜೊತೆ ಮಾತಾಡಿದ್ದು. ಕೆಲಸ ಶುರು ಮಾಡಿದ್ದು. ರಾತ್ರಿ ಉಂಡದ್ದು. ಮಲಗಿದ್ದು. ಬರೆಯುವವನು ನನ್ನ ತಮ್ಮ. ಅವನಿಗೆ ಬೈಪೋಲಾರ್ ಕಾಯಿಲೆ ಇದೆ. ಮನಸ್ಸು ಕೆಲವು ಕಾಲ ಮಿತಿಮೀರಿ ಏರುತ್ತದೆ, ಕೆಲವು ಕಾಲ ಖಿನ್ನತೆಗೆ ಇಳಿಯುತ್ತದೆ.

ಮನೆಗೆ ಬಂದವರು ಅದನ್ನು ಹಾಲಿನ ಲೆಕ್ಕದ ಪುಸ್ತಕ ಅಂದುಕೊಳ್ಳುತ್ತಾರೆ. ಚಿಕಿತ್ಸೆಯ ಭಾಗ ಅಂದರೆ ನಂಬುವುದಿಲ್ಲ. ಮೊದಲು ನಾವೂ ನಂಬಿರಲಿಲ್ಲ. ಗುಳಿಗೆ ನುಂಗಿದರೆ ಕಾಯಿಲೆ ಕಮ್ಮಿ ಆಗುತ್ತದೆ, ಸರಿ. ಎದ್ದ ಟೈಮು ಬರೆದರೆ ಏನಾಗುತ್ತದೆ? ಉತ್ತರ ಹುಡುಕುತ್ತ ಹೋದಾಗ ನನಗೆ ಗೊತ್ತಾದದ್ದನ್ನು ಇಲ್ಲಿ ಹೇಳುತ್ತೇನೆ. ಇಂಥ ಕಾಯಿಲೆ ಇರುವ ಮನೆಯವರಿಗೆ ಇದು ಬೇಗ ಗೊತ್ತಾಗಬೇಕು. ನಮಗೆ ತಡವಾಗಿ ಗೊತ್ತಾಯಿತು.

ಹುಣಸೆಮರದಿಂದ ಶುರು ಮಾಡೋಣ. ನಮ್ಮ ಕಡೆ ಹುಣಸೆಮರ ಇಲ್ಲದ ಊರಿಲ್ಲ. ಕತ್ತಲಾದ ಮೇಲೆ ಒಂದು ರೆಂಬೆ ಹಿಡಿದು ನೋಡಿ. ಎದುರುಬದುರಿನ ಎಲೆಗಳು ಕೈ ಮುಗಿದಂತೆ ಮಡಚಿಕೊಂಡಿರುತ್ತವೆ. ಬೆಳಗಾದರೆ ಬಿಚ್ಚಿಕೊಳ್ಳುತ್ತವೆ. ಅಲೆಕ್ಸಾಂಡರನ ಕಾಲದಲ್ಲಿ, ಸುಮಾರು 2,300 ವರ್ಷಗಳ ಹಿಂದೆ, ಆಂಡ್ರಾಸ್ಥನೀಸ್ ಎಂಬ ಗ್ರೀಕ್ ನಾವಿಕ ಹೀಗೆ ಮಡಚುವ ಎಲೆಗಳನ್ನು ಕಂಡು ಬರೆದಿಟ್ಟ. ಅವನು ನೋಡಿದ್ದು ಹುಣಸೆಮರವನ್ನೇ ಎಂದು ತಿಳಿದವರು ಹೇಳುತ್ತಾರೆ. ಬಿಸಿಲು ಬಂದದ್ದಕ್ಕೆ ಎಲೆ ಬಿಚ್ಚುತ್ತದೆ, ಅದರಲ್ಲೇನು ಅನ್ನಿಸುತ್ತದೆ ಅಲ್ವಾ? 1729ರಲ್ಲಿ ಫ್ರಾನ್ಸಿನ ದ ಮೇರಾನ್ ಎಂಬ ಖಗೋಳ ವಿಜ್ಞಾನಿ ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದ. ಬೆಳಕು ಒಂಚೂರೂ ಇಲ್ಲ. ಆದರೂ ಬೆಳಗಿನ ಹೊತ್ತಿಗೆ ಎಲೆ ಬಿಚ್ಚಿತು, ರಾತ್ರಿ ಹೊತ್ತಿಗೆ ಮಡಚಿತು. ಅಂದರೆ ಹೊತ್ತು ಎಷ್ಟಾಯಿತು ಅನ್ನುವುದು ಗಿಡದ ಒಳಗೇ ಗೊತ್ತಿತ್ತು.

ನಮ್ಮೊಳಗೂ ಅಂಥದ್ದೇ ಒಂದು ಗಡಿಯಾರ ಇದೆ. ಎರಡೂ ಕಣ್ಣಿನಿಂದ ಹೊರಟ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ದಾಟುತ್ತವೆ. ಅದರ ಸ್ವಲ್ಪ ಮೇಲೆ, ಜೋಳದ ಕಾಳಿಗಿಂತ ಚಿಕ್ಕದಾದ ಒಂದು ಜೋಡಿ ಗಂಟು. ಎರಡೂ ಸೇರಿ ಸುಮಾರು 20,000 ಜೀವಕೋಶ. ಇದೇ ದೇಹದ ಮುಖ್ಯ ಗಡಿಯಾರ ಎಂದು 1972ರಲ್ಲಿ ಪತ್ತೆಯಾಯಿತು. ಯಾವಾಗ ನಿದ್ದೆ, ಯಾವಾಗ ಹಸಿವು, ಮೈ ಎಷ್ಟೊತ್ತಿಗೆ ಬಿಸಿ, ಎಷ್ಟೊತ್ತಿಗೆ ತಂಪು, ಯಾವ ಹಾರ್ಮೋನು ಯಾವಾಗ ಏರಬೇಕು, ಎಲ್ಲಕ್ಕೂ ತಾಳ ಹಾಕುವುದು ಇದು. ಲಿವರ್, ಹೃದಯ, ಕರುಳಿನಲ್ಲೂ ಸಣ್ಣಸಣ್ಣ ಗಡಿಯಾರಗಳಿವೆ. ಅವು ಈ ದೊಡ್ಡ ಗಡಿಯಾರದ ತಾಳ ಕೇಳುತ್ತವೆ. ಊಟದ ಹೊತ್ತನ್ನೂ ನೋಡಿಕೊಳ್ಳುತ್ತವೆ.

ಅದು ನಡೆಯುವುದು ಹೇಗೆ? ಮಾಳಿಗೆ ಮೇಲಿನ ನೀರಿನ ಟ್ಯಾಂಕ್ ನೆನಪು ಮಾಡಿಕೊಳ್ಳಿ. ನೀರು ತುಂಬುತ್ತಿದ್ದಂತೆ ಒಳಗಿನ ಚೆಂಡು ಮೇಲೇರಿ ನಲ್ಲಿಯನ್ನು ಮುಚ್ಚುತ್ತದೆ. ನೀರು ಖರ್ಚಾದರೆ ಚೆಂಡು ಇಳಿದು ನಲ್ಲಿ ತೆರೆಯುತ್ತದೆ. ಜೀವಕೋಶದಲ್ಲೂ ಹಾಗೆಯೇ. ಒಂದು ಜೀನ್ ಒಂದು ಪ್ರೋಟೀನನ್ನು ಮಾಡಿಸುತ್ತ ಹೋಗುತ್ತದೆ. ಪ್ರೋಟೀನ್ ಸಾಕಷ್ಟು ಕೂಡಿದಾಗ ಅದೇ ವಾಪಸ್ ಬಂದು ಆ ಜೀನಿನ ಬಾಯಿ ಮುಚ್ಚಿಸುತ್ತದೆ. ನಿಧಾನಕ್ಕೆ ಪ್ರೋಟೀನ್ ಕರಗುತ್ತದೆ, ಜೀನ್ ಮತ್ತೆ ತೆರೆಯುತ್ತದೆ. ಈ ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ದಿನ ಬೇಕು. ಹಣ್ಣಿನ ಮೇಲೆ ಕೂರುವ ಪುಟ್ಟ ನೊಣಗಳಲ್ಲಿ ಇದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

"ಹತ್ತಿರ ಹತ್ತಿರ ಒಂದು ದಿನ" ಅಂದೆ. ಇಡೀ ವಿಷಯದ ಗುಟ್ಟು ಅಲ್ಲಿದೆ. ಮನುಷ್ಯರ ಒಳಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆ 10 ನಿಮಿಷದಷ್ಟು. ದಿನಾ ಹತ್ತು ನಿಮಿಷ ಹಿಂದೆ ಬೀಳುವ ಕೈಗಡಿಯಾರ ಇದ್ದ ಹಾಗೆ. ಆರು ದಿನ ಮುಳ್ಳು ತಿರುಗಿಸದೆ ಬಿಟ್ಟರೆ ಒಂದು ಗಂಟೆ ತಪ್ಪುತ್ತದೆ. ಅದಕ್ಕೇ ದಿನಾ ಅದನ್ನು ಸರಿಮಾಡಬೇಕು. ಸರಿಮಾಡುವ ಮೊದಲ ಕೈ ಬೆಳಗಿನ ಬೆಳಕು. ನಮ್ಮ ಕಣ್ಣಿನಲ್ಲಿ ನೋಡುವ ಕೆಲಸಕ್ಕಲ್ಲದೆ, ಬೆಳಕು ಎಷ್ಟಿದೆ ಎಂದು ಅಳೆಯುವುದಕ್ಕೇ ಇರುವ ಬೇರೆ ಜೀವಕೋಶಗಳಿವೆ. ಅವು ಬೆಳಕಿನ ಸುದ್ದಿಯನ್ನು ನೇರ ಆ ಗಂಟಿಗೆ ಮುಟ್ಟಿಸುತ್ತವೆ. ನೀಲಿ ಬೆಳಕಿಗಂತೂ ಬಹಳ ಬೇಗ ಎಚ್ಚರಗೊಳ್ಳುತ್ತವೆ. ರಾತ್ರಿ ಮೊಬೈಲು ಮತ್ತು ಬಿಳಿ ಎಲ್‌ಇಡಿ ಬಲ್ಬಿನ ಮೇಲೆ ಡಾಕ್ಟರುಗಳ ತಕರಾರು ಇದೇ ಕಾರಣಕ್ಕೆ.

ಎರಡನೆಯ ಕೈ ನಮ್ಮ ಜೊತೆ ಇರುವ ಮಂದಿ. ಇದು ನನಗೆ ಬಹಳ ಇಷ್ಟವಾದ ವಿಚಾರ. ಬೆಳಿಗ್ಗೆ ಅವ್ವ ಚಹಾಕ್ಕೆ ಕೂಗುತ್ತಾಳೆ, ಮಕ್ಕಳನ್ನು ಶಾಲೆಗೆ ಬಿಡಬೇಕು, ಎಂಟೂವರೆಗೆ ಬಸ್ಸು, ಒಂದಕ್ಕೆ ರೊಟ್ಟಿ ಊಟ. ಇವೆಲ್ಲ ನಮಗೆ ಗೊತ್ತಿಲ್ಲದೆಯೇ ನಮ್ಮ ಗಡಿಯಾರದ ಮುಳ್ಳನ್ನು ಹಿಡಿದು ನಿಲ್ಲಿಸುತ್ತವೆ. ಗಂಡ ತೀರಿಕೊಂಡರೆ, ಕೆಲಸ ಹೋದರೆ, ಮಗು ಹುಟ್ಟಿದರೆ, ದುಃಖ ಅಥವಾ ಸಂತೋಷ ಆಗುವುದು ಒಂದು ಕಡೆ. ಏಳುವ, ಉಣ್ಣುವ, ಮಲಗುವ ಹೊತ್ತೆಲ್ಲ ಕಲಸಿಹೋಗುವುದು ಇನ್ನೊಂದು ಕಡೆ. ಬಹಳಷ್ಟು ಜನ ಇದನ್ನು ತಡೆದುಕೊಳ್ಳುತ್ತಾರೆ. ಗಡಿಯಾರವೇ ಸೂಕ್ಷ್ಮವಾಗಿರುವವರಲ್ಲಿ ಈ ಕಲಸುವಿಕೆಯೇ ಕಾಯಿಲೆಯನ್ನು ಎಬ್ಬಿಸಬಹುದು ಎಂದು 1988ರಲ್ಲಿ ಅಮೆರಿಕದ ಎಲರ್ಸ್, ಎಲೆನ್ ಫ್ರಾಂಕ್ ಮತ್ತು ಕುಪ್ಫರ್ ವಾದಿಸಿದರು. ಮುಂದೆ ಬೈಪೋಲಾರ್ ಇರುವವರ ಬದುಕನ್ನು ವಿಚಾರಿಸಿದಾಗ, ಮೇನಿಯಾ, ಅಂದರೆ ಮನಸ್ಸು ಮಿತಿಮೀರಿ ಏರುವ ಸ್ಥಿತಿ, ಶುರುವಾಗುವ ಮುಂಚಿನ ಎಂಟು ವಾರದಲ್ಲಿ ದಿನಚರಿ ಕೆಡಿಸುವ ಘಟನೆಗಳು ಜಾಸ್ತಿ ಕಂಡವು.

ನಮ್ಮ ಮನೆಯಲ್ಲಿ ಆದದ್ದೂ ಅದೇ. ತಮ್ಮ ಒಂದು ಕಾರ್ಖಾನೆಯಲ್ಲಿದ್ದ. ವಾರಕ್ಕೊಮ್ಮೆ ಶಿಫ್ಟ್ ಬದಲು. ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ನೈಟ್. ನೈಟ್ ಮುಗಿಸಿದ ವಾರವೇ ತಂಗಿಯ ಮದುವೆ ಬಂತು. ಮೂರು ರಾತ್ರಿ ಅವನು ಮಲಗಲೇ ಇಲ್ಲ. ಹಂದರ, ಬಾಣಸಿಗರು, ಬಾಡಿಗೆ ಪಾತ್ರೆ, ಎಲ್ಲವನ್ನೂ ಒಬ್ಬನೇ ನೋಡಿಕೊಂಡ. "ಎಂಥಾ ಹುಡುಗ!" ಎಂದು ಬೀಗರೂ ಹೊಗಳಿದರು. ಮದುವೆ ಮುಗಿದು ಎಲ್ಲರೂ ಸುಸ್ತಾಗಿ ಬಿದ್ದುಕೊಂಡಾಗ ಅವನು ರಾತ್ರಿ ಮೂರಕ್ಕೆ ಎದ್ದು ಬೈಕ್ ತೊಳೆಯುತ್ತಿದ್ದ. ಕಣ್ಣು ಹೊಳೆಯುತ್ತಿತ್ತು. ಮಾತು ನಿಲ್ಲುತ್ತಿರಲಿಲ್ಲ. ವಾರದೊಳಗೆ ಕಂತಿನ ಮೇಲೆ ಎರಡು ಫೋನು ತಂದ, ಬೋರ್‌ವೆಲ್ ಲಾರಿಗೆ ಅಡ್ವಾನ್ಸ್ ಕೊಟ್ಟ. ತಡೆಯಲು ಹೋದ ಅಪ್ಪನನ್ನು ತಳ್ಳಿದ. ತಾಯತ ಕಟ್ಟಿಸಿದೆವು. ಆಮೇಲೆ ಆಸ್ಪತ್ರೆಗೆ ಹೋದೆವು. ಗುಳಿಗೆಯಿಂದ ಇಳಿಯಿತು. ಆದರೆ ನಾಲ್ಕು ತಿಂಗಳಿಗೆ ಅದೇ ಹುಡುಗ ಗೋಡೆ ಕಡೆ ಮುಖ ಮಾಡಿ, ಹನ್ನೊಂದು ಗಂಟೆಯಾದರೂ ಏಳದೆ ಮಲಗಿರುತ್ತಿದ್ದ.

ಆಗ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ನನಗೆ ಇನ್ನೂ ನೆನಪಿದೆ. "ಮುಂಜಾನೆ ಎಷ್ಟೊತ್ತಿಗೆ ಏಳ್ತೀಯಪ್ಪಾ?"

ಅವ್ವ ನಡುವೆ ಬಂದಳು. "ರಾತ್ರಿ ನಿದ್ದೀನ ಮಾಡಂಗಿಲ್ರೀ ಸಾಹೇಬ್ರ."

"ಅದು ಇರಲಿ ತಾಯಿ. ಮಲಗೋದು ನಮ್ಮ ಕೈಯಾಗಿಲ್ಲ. ಏಳೋದು ನಮ್ಮ ಕೈಯಾಗೈತಿ."

ನಿದ್ದೆ ಬಾ ಅಂದರೆ ಬರುವುದಿಲ್ಲ. ಒತ್ತಾಯ ಮಾಡಿದಷ್ಟೂ ದೂರ ಓಡುತ್ತದೆ. ಆದರೆ ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಎದ್ದು ಬೆಳಕಿಗೆ ಬಂದರೆ ಗಡಿಯಾರಕ್ಕೆ "ಇದು ಬೆಳಗು" ಎಂದು ಸುದ್ದಿ ಹೋಗುತ್ತದೆ. ಅಲ್ಲಿಂದ ಎಣಿಸಿಕೊಂಡು ರಾತ್ರಿಯ ನಿದ್ದೆಯ ಹೊತ್ತು ತಾನಾಗಿ ಹತ್ತಿರ ಬರುತ್ತದೆ. ಗೂಟಕ್ಕೆ ಕಟ್ಟಿದ ಎಮ್ಮೆ ಎಷ್ಟು ಅಲೆದಾಡಿದರೂ ಹಗ್ಗದ ಅಳತೆಯೊಳಗೇ ಇರುತ್ತದಲ್ಲ, ಹಾಗೆ. ಏಳುವ ಹೊತ್ತು ಗೂಟ. ಉಳಿದದ್ದು ಅದರ ಸುತ್ತ ತಿರುಗುತ್ತದೆ.

ಈ ಚಿಕಿತ್ಸೆಯನ್ನು ಒಂದು ಪದ್ಧತಿಯಾಗಿ ಕಟ್ಟಿದವರು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಎಲೆನ್ ಫ್ರಾಂಕ್. ಎರಡು ಎಳೆ ಹೆಣೆದಿದ್ದಾರೆ. ಒಂದು, ದಿನಚರಿಯನ್ನು ಒಂದು ತಾಳಕ್ಕೆ ತರುವುದು. ಇನ್ನೊಂದು, ಆ ತಾಳ ಕೆಡಿಸುವ ಸಂಬಂಧಗಳ ಸಿಕ್ಕು ಬಿಡಿಸುವುದು. ಮನೆಯಲ್ಲಿ ರಾತ್ರಿ ಹನ್ನೊಂದರ ತನಕ ಜಗಳ ನಡೆಯುತ್ತಿದ್ದರೆ ಹತ್ತಕ್ಕೆ ಮಲಗು ಅಂತ ಹೇಳಿ ಏನು ಉಪಯೋಗ? 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 175 ಜನ ಬೈಪೋಲಾರ್ ರೋಗಿಗಳಿದ್ದರು. ಎಲ್ಲರಿಗೂ ಔಷಧಿ ಇತ್ತು. ಕಾಯಿಲೆ ಜೋರಾಗಿದ್ದಾಗಲೇ ಈ ಚಿಕಿತ್ಸೆ ಪಡೆದವರು ಮುಂದಿನ ಎರಡು ವರ್ಷದಲ್ಲಿ ಮತ್ತೆ ಬೀಳದೆ ಹೆಚ್ಚು ಕಾಲ ನಿಂತರು. ಯಾರ ದಿನಚರಿ ಹೆಚ್ಚು ಸರಿಹೋಯಿತೋ ಅವರಿಗೆ ಮತ್ತೆ ಬೀಳುವ ಸಾಧ್ಯತೆ ಅಷ್ಟು ಕಮ್ಮಿ ಇತ್ತು. ಆದರೆ ಜೋರಾಗಿದ್ದ ಕಾಯಿಲೆ ಬೇಗ ಇಳಿಯುವುದಕ್ಕೆ ಇದರಿಂದ ಸಹಾಯ ಆಗಲಿಲ್ಲ. ಈ ಮಾತನ್ನೂ ಒತ್ತಿ ಹೇಳಬೇಕು. ಬಿದ್ದವರನ್ನು ಎತ್ತುವುದು ಮುಖ್ಯವಾಗಿ ಔಷಧಿ. ಮತ್ತೆ ಬೀಳದಂತೆ ಹಿಡಿಯುವುದರಲ್ಲಿ ದಿನಚರಿಯ ಪಾಲು ದೊಡ್ಡದು. ನೋಟ್‌ಬುಕ್ ಇದೆ ಅಂತ ಗುಳಿಗೆ ಬಿಡುವಂತಿಲ್ಲ.

ನೋಟ್‌ಬುಕ್ಕಿನ ಐದು ಟೈಮುಗಳೂ ಈ ಪದ್ಧತಿಯವೇ. ಮೊದಲ ಮೂರ್ನಾಲ್ಕು ವಾರ ಏನನ್ನೂ ಬದಲು ಮಾಡದೆ ಸುಮ್ನೆ ಬರೆಯುವುದು. ತಮ್ಮ ಬರೆದದ್ದು ನೋಡಿ ನಾವೇ ದಂಗಾದೆವು. ಎದ್ದ ಹೊತ್ತು ಒಂದು ದಿನ 7:30, ಮರುದಿನ 11:15, ಅದರ ಮರುದಿನ 5:00. ಎರಡನೆಯ ಸಾಲು, "ಮೊದಲು ಮಾತಾಡಿದ್ದು", ಎಷ್ಟೋ ದಿನ ಮಧ್ಯಾಹ್ನ ಎರಡಕ್ಕೆ ಇತ್ತು. ಒಂದೇ ಮನೆಯಲ್ಲಿ ಆರು ಜನ ಇದ್ದೇವೆ. ಆ ಸಾಲು ನೋಡಿ ಅವ್ವ ಅತ್ತಳು.

ಆಮೇಲೆ ಒಂದು ಹೊತ್ತು ಗೊತ್ತು ಮಾಡಿದರು. ಹನ್ನೊಂದಕ್ಕೆ ಏಳುವವನನ್ನು ಆರಕ್ಕೆ ಎಬ್ಬಿಸಲಿಲ್ಲ. ಕೆಲವು ದಿನಕ್ಕೊಮ್ಮೆ ಕಾಲು ಗಂಟೆ, ಅರ್ಧ ಗಂಟೆ ಹಿಂದಕ್ಕೆ ತಂದು ಕೊನೆಗೆ ಆರಕ್ಕೆ ನಿಲ್ಲಿಸಿದರು. ಗೊತ್ತಾದ ಹೊತ್ತಿಗೆ ಮುಕ್ಕಾಲು ಗಂಟೆ ಆಚೆ ಈಚೆ ಆದರೂ ಆ ದಿನ ಸರಿ ಎಂದೇ ಲೆಕ್ಕ. ಭಾನುವಾರಕ್ಕೂ ಅದೇ ಹೊತ್ತು. ಎದ್ದ ಕೂಡಲೇ ಅವ್ವ ಚಹಾದ ಲೋಟ ಹಿಡಿದು ಕೋಣೆಗೆ ಹೋಗುವುದಿಲ್ಲ, ಮಾಳಿಗೆ ಹತ್ತುತ್ತಾಳೆ. ಚಹಾ ಬೇಕಾದರೆ ಅವನು ಮೇಲೆ ಬರಬೇಕು. ಬೆಳಕು, ಮಾತು, ಚಹಾ, ಮೂರೂ ಒಟ್ಟಿಗೆ ಸಿಗುತ್ತವೆ.

ಮಾಳಿಗೆ ವಿಷಯ ಬಂತಲ್ಲ, ಬೆಳಕಿನ ಅಳತೆ ಹೇಳುತ್ತೇನೆ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ರಾತ್ರಿ ಮನೆಯ ದೀಪದಲ್ಲಿ ನೂರೋ ಇನ್ನೂರೋ ಲಕ್ಸ್. ಹೊರಗಿನ ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಲಕ್ಷದ ತನಕ. ಚಳಿಗಾಲದಲ್ಲಿ ಸೂರ್ಯನೇ ಸರಿಯಾಗಿ ಕಾಣದ ದೇಶಗಳಲ್ಲಿ ಕೆಲವರಿಗೆ ಆ ಕಾಲದಲ್ಲೇ ಖಿನ್ನತೆ ಬರುತ್ತದೆ. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು ಇದನ್ನು ವಿವರಿಸಿದರು. ಅಂಥವರಿಗೆ 10,000 ಲಕ್ಸಿನ ದೀಪದ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರಿಸುತ್ತಾರೆ. ನಮ್ಮ ರಾಯಚೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತದೆ. ಅಂಥ ದೀಪವನ್ನು ನಾವು ದುಡ್ಡು ಕೊಟ್ಟು ತರಬೇಕಿಲ್ಲ. ಬಾಗಿಲು ತೆರೆದರೆ ಸಾಕು. ಆದರೆ ಬೇಸಿಗೆ ಬಂದರೆ ನಾವೇ ಕಿಟಕಿ ಮುಚ್ಚಿ, ಪರದೆ ಎಳೆದು, ಕೂಲರ್ ಹಾಕಿ ದಿನವಿಡೀ ಕತ್ತಲಲ್ಲಿ ಕೂರುತ್ತೇವೆ. ಖಿನ್ನತೆ ಇರುವವರಂತೂ ಮೂಲೆಯ ಕೋಣೆ ಬಿಡುವುದಿಲ್ಲ. ಅದಕ್ಕೇ ಬಿಸಿಲು ಏರುವ ಮುಂಚಿನ ಆ ಒಂದು ಗಂಟೆ ನಮ್ಮ ಸೀಮೆಗೆ ಬಹಳ ಬೆಲೆಯದ್ದು.

ಇಟಲಿಯ ಮಿಲಾನ್ ನಗರದ ಒಂದು ಆಸ್ಪತ್ರೆಯ ಲೆಕ್ಕ 2001ರಲ್ಲಿ ಪ್ರಕಟವಾಯಿತು. ಬೈಪೋಲಾರ್ ಖಿನ್ನತೆಯ ರೋಗಿಗಳಲ್ಲಿ ಪೂರ್ವ ದಿಕ್ಕಿನ ಕೋಣೆ ಸಿಕ್ಕವರು ಪಶ್ಚಿಮದ ಕೋಣೆಯವರಿಗಿಂತ ಸರಾಸರಿ ಮೂರೂವರೆ ದಿನಕ್ಕೂ ಮುಂಚೆ ಮನೆಗೆ ಹೋಗಿದ್ದರು. ಯಾರೂ ಅವರಿಗೆ ಬೇರೆ ಚಿಕಿತ್ಸೆ ಕೊಟ್ಟಿರಲಿಲ್ಲ. ಬೆಳಗಿನ ಬಿಸಿಲು ಕೋಣೆಗೆ ಬೀಳುತ್ತಿತ್ತು, ಅಷ್ಟೇ.

ಕತ್ತಲೂ ಔಷಧಿಯೇ. ನಾರ್ವೆಯಲ್ಲಿ ಮೇನಿಯಾ ಇರುವವರಿಗೆ ಸಂಜೆ ಆರರಿಂದ ಬೆಳಿಗ್ಗೆ ಎಂಟರ ತನಕ ನೀಲಿ ಬೆಳಕು ತಡೆಯುವ ಕಿತ್ತಳೆ ಬಣ್ಣದ ಕನ್ನಡಕ ಹಾಕಿಸಿದರು. ಔಷಧಿಯ ಜೊತೆಗೆ ಒಂದು ವಾರ. ಬಣ್ಣವಿಲ್ಲದ ಕನ್ನಡಕ ಹಾಕಿದವರಿಗಿಂತ ಇವರ ಮೇನಿಯಾ ಬಹಳ ಚೆನ್ನಾಗಿ ಇಳಿಯಿತು. 2016ರ ಈ ಅಧ್ಯಯನದಲ್ಲಿ ಜನ ಕಮ್ಮಿ ಇದ್ದರು, ಆದರೂ ದಾರಿ ತೋರಿಸುವಂಥದ್ದು. ನಮ್ಮ ಮನೆಯಲ್ಲಿ ಕನ್ನಡಕ ಇಲ್ಲ. ಎಂಟೂವರೆ ಆದ ಮೇಲೆ ಪಡಸಾಲೆಯ ಬಿಳಿ ಟ್ಯೂಬ್‌ಲೈಟ್ ಆರಿಸಿ ಹಳದಿ ಬಲ್ಬ್ ಹಾಕುತ್ತೇವೆ. ಎಲ್ಲರ ಫೋನೂ ಫ್ರಿಜ್ಜಿನ ಮೇಲೆ ಹೋಗುತ್ತವೆ. ಎಲ್ಲರದ್ದೂ, ಅವನೊಬ್ಬನದ್ದಲ್ಲ.

ಬೆಳಕಿಗೆ ಒಂದು ಅಪಾಯವೂ ಇದೆ. ಬೈಪೋಲಾರ್ ಇರುವವರಿಗೆ ಜೋರು ಬೆಳಕಿನ ಚಿಕಿತ್ಸೆ ಮೇನಿಯಾ ಎಬ್ಬಿಸಬಹುದು. ಆನ್‌ಲೈನಿನಲ್ಲಿ ದೀಪ ತರಿಸಿ ತಾವೇ ಶುರು ಮಾಡಬಾರದು, ಡಾಕ್ಟರನ್ನು ಕೇಳಲೇಬೇಕು. ಜಾಗರಣೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಇಡೀ ರಾತ್ರಿ ಎಚ್ಚರ ಇಟ್ಟರೆ ಖಿನ್ನತೆ ಇರುವವರಲ್ಲಿ ಅರ್ಧದಷ್ಟು ಜನಕ್ಕೆ ಮರುದಿನ ಮನಸ್ಸು ಹಗುರಾಗುತ್ತದೆ ಎಂದು 1970ರ ದಶಕದಲ್ಲೇ ಜರ್ಮನಿಯ ವೈದ್ಯರು ತೋರಿಸಿದ್ದರು. ಆಮೇಲೆ ಒಂದು ನಿದ್ದೆ ಮಾಡಿದರೆ ಬಹುಪಾಲು ಜನರಲ್ಲಿ ಕಾಯಿಲೆ ವಾಪಸ್. ಬೈಪೋಲಾರ್ ಇದ್ದವರಲ್ಲಿ ಅದೇ ಎಚ್ಚರ ಮೇನಿಯಾದ ಬಾಗಿಲು ತೆರೆಯಬಹುದು. ಆಸ್ಪತ್ರೆಯೊಳಗೆ, ಔಷಧಿಯ ಕಾವಲಿನಲ್ಲಿ ಮಾತ್ರ ಮಾಡುವ ಕೆಲಸ ಇದು. ಮನೆಯಲ್ಲಿ ಪ್ರಯೋಗ ಮಾಡುವುದಲ್ಲ.

ನಮ್ಮ ಕಡೆ ರಾತ್ರಿ ಎಚ್ಚರ ಇರುವ ಸಂದರ್ಭ ಎಷ್ಟಿವೆ ನೋಡಿ. ಶಿವರಾತ್ರಿ ಜಾಗರಣೆ, ಬಳ್ಳಾರಿ ಕೊಪ್ಪಳದ ಹಳ್ಳಿಗಳ ಬಯಲಾಟ, ಮೊಹರಂ ಅಲಾಯಿ, ಜಾತ್ರೆ. ಹಬ್ಬದ ಮುಂದೆ ಬಳ್ಳಾರಿಯ ಜೀನ್ಸ್ ಹೊಲಿಗೆಯವರಿಗೆ ರಾತ್ರಿ ಪಾಳಿ. ಸಿಂಧನೂರು, ಗಂಗಾವತಿ ಕಡೆ ಕಾಲುವೆ ನೀರಿನ ಸರದಿ ರಾತ್ರಿ ಬಂದರೆ ಗದ್ದೆಯಲ್ಲೇ ಬೆಳಗು. ಶಕ್ತಿನಗರ, ತೋರಣಗಲ್ಲು, ಹಟ್ಟಿ, ಎಲ್ಲಿ ನೋಡಿದರೂ ಶಿಫ್ಟ್ ಡ್ಯೂಟಿ. ಇವನ್ನೆಲ್ಲ ಬಿಟ್ಟು ಬದುಕಲು ಆಗುತ್ತದೆಯೇ? ಎಲ್ಲರೂ ಬಿಡಬೇಕಿಲ್ಲ. ಯಾರ ಗಡಿಯಾರ ಸೂಕ್ಷ್ಮವೋ ಅವರು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ಹೂವು ಕಾಯಿ ಕೊಟ್ಟು ಒಂಬತ್ತಕ್ಕೆ ಮನೆಗೆ ಬರಬಹುದು. ದೇವರೇನೂ ಸಿಟ್ಟಾಗುವುದಿಲ್ಲ. ಶಿಫ್ಟಿನ ವಿಷಯದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಒಳಗೊಂಡಿದೆ ಎಂಬುದು ನೆನಪಿರಲಿ. ತಮ್ಮನ ಕೆಲಸದ ಕಡೆ ಮೊದಲು ಆಗುವುದಿಲ್ಲ ಎಂದೇ ಅಂದರು. ಡಾಕ್ಟರ ಪತ್ರ ಹಿಡಿದು ಮೂರು ಸಲ ಹೋದ ಮೇಲೆ ಹಗಲು ಪಾಳಿ ಕೊಟ್ಟರು. ಸಂಬಳದಲ್ಲಿ ನೈಟ್ ಭತ್ಯೆ ಹೋಯಿತು. ಹೋಗಲಿ.

ನಮ್ಮ ಸೀಮೆಯವರು ಮರೆಯಲೇಬಾರದ ಇನ್ನೊಂದು ಮಾತು ಲಿಥಿಯಂ ಗುಳಿಗೆಯದ್ದು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಮೇನಿಯಾಕ್ಕೆ ಇದರ ಉಪಯೋಗ ಕಂಡ. ಜೀವಕೋಶದ ಗಡಿಯಾರದ ಸುತ್ತನ್ನು ಇದು ಉದ್ದ ಮಾಡುತ್ತದೆ ಎಂದು ಆಮೇಲೆ ಗೊತ್ತಾಯಿತು. ಒಳ್ಳೆಯ ಔಷಧಿ. ಆದರೆ ರಕ್ತದಲ್ಲಿ ಅದರ ಅಳತೆ ಸ್ವಲ್ಪ ಏರಿದರೂ ವಿಷ. ಬೆವರಿ ನೀರು, ಉಪ್ಪು ಕಮ್ಮಿಯಾದರೆ ಅಳತೆ ಏರುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ದುಡಿಯುವವರು, ವಾಂತಿ ಭೇದಿ ಆದವರು, ರಂಜಾನ್ ರೋಜಾ ಅಥವಾ ನೀರಿಲ್ಲದ ಉಪವಾಸ ಮಾಡುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಕೆಲವು ನೋವಿನ ಗುಳಿಗೆಗಳೂ ಅದನ್ನು ಏರಿಸುತ್ತವೆ, ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ. ಕೈ ಜೋರಾಗಿ ನಡುಗಿದರೆ, ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗೆ ನಮ್ಮ ಭಾಗಕ್ಕೆ ಒಂದು ಹೆಮ್ಮೆಯ ಉತ್ತರವಿದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಸಿಗುವ ಹಾಗೆ ಮಾಡಬಹುದು ಎಂದು ನಿಮ್ಹಾನ್ಸ್ 1985ರಿಂದ ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿಯಲ್ಲಿ. ಅಲ್ಲಿನ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಇವತ್ತು ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಫೋನಿನಲ್ಲಿ ಮಾತಾಡಬೇಕಾದರೆ ಟೆಲಿ ಮಾನಸ್, ನಂಬರ್ 14416. ಹಗಲು ರಾತ್ರಿ, ಕನ್ನಡದಲ್ಲಿ, ದುಡ್ಡಿಲ್ಲದೆ. ಸಾಯುವ ಮಾತು ಬಾಯಲ್ಲಿ ಬಂದರೆ ದಿನಚರಿ ಸರಿಹೋಗಲಿ ಎಂದು ಕಾಯಬೇಡಿ. ಆ ಕ್ಷಣವೇ ಫೋನ್ ಮಾಡಿ, ಅವರನ್ನು ಒಬ್ಬರನ್ನೇ ಬಿಡಬೇಡಿ.

ಹೋದ ವರ್ಷ ಚಿಗವ್ವನ ಮಗಳ ಮದುವೆ ಸಿಂಧನೂರಿನಲ್ಲಿತ್ತು. ಮದುವೆ ಅಂದಕೂಡಲೇ ನಮಗೆಲ್ಲ ಎದೆ ಹೊಡೆದುಕೊಂಡಿತು. ಹದಿನೈದು ದಿನ ಮುಂಚೆ ನೋಟ್‌ಬುಕ್ ಎದುರಿಗಿಟ್ಟುಕೊಂಡು ಕೂತೆವು. ಕಲ್ಯಾಣ ಮಂಟಪದಿಂದ ದೂರ ಒಂದು ಲಾಡ್ಜಿನಲ್ಲಿ ರೂಮು ಹಿಡಿದೆವು. ಹತ್ತು ಗಂಟೆಗೆ ಅವನನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಅವತ್ತು ಚಿಗವ್ವ ತಡೆದಳು. "ಅಣ್ಣ ಅನ್ನೋನು ಈಗಲೇ ಹೊಂಟ್ರ ಹೆಂಗಪಾ?"

ನಾನು ಬಾಯಿ ತೆರೆಯುವ ಮುಂಚೆ ಅವನೇ ಹೇಳಿದ. "ನಾ ಮಲಗಾಕ ಹೊಂಟೀನಿ ಚಿಗವ್ವ. ನಿದ್ದಿನೂ ನನಗ ಗುಳಿಗಿನ."

ಆ ದಿನದ ಪುಟದಲ್ಲಿ ಅವನ ಅಕ್ಷರದಲ್ಲಿ ಹೀಗಿದೆ. ಉಂಡದ್ದು 8:40. ಮಲಗಿದ್ದು 10:50. ಕೆಳಗೆ ಮರುದಿನದ್ದು: ಎದ್ದದ್ದು 6:05. ಪಕ್ಕದಲ್ಲಿ ಸಣ್ಣಗೆ, ಲೆಕ್ಕಕ್ಕೆ ಬೇಕಿಲ್ಲದ ಒಂದು ಸಾಲು: ಅಕ್ಕಿಕಾಳು ಹಾಕುವಾಗ ತಂಗಿ ಹತ್ತಿರವೇ ನಿಂತಿದ್ದೆ.